ಬ್ಲಾಗ್ ಬರಹಗಳಿಗೆ ಕೆಟಗರಿಯೋ, ಪುಟವೋ?

ಬ್ಲಾಗ್‌ನಲ್ಲಿ ನಲವತ್ತು, ಐವತ್ತು ಬರಹಗಳಾಗುವ ಹೊತ್ತಿಗೆ ವಿಂಗಡಣೆಯ ಚಿಂತೆ ಶುರುವಾಗುತ್ತದೆ. ಮೇಲಿನ ಮೆನುವಿನಲ್ಲಿ 'ಪುಸ್ತಕ', 'ಪ್ರವಾಸ', 'ಚಿತ್ರಕಲೆ' ಎಂದು ಕಾಣಬೇಕು, ಒತ್ತಿದರೆ ಆಯಾ ವಿಷಯದ ಬರಹಗಳು ಸಾಲಾಗಿ ಬರಬೇಕು. ಇದಕ್ಕಾಗಿ ಬಹಳ ಜನ ಬ್ಲಾಗ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ 'ಪುಸ್ತಕ' ಎಂಬ ಹೊಸ ಪುಟ ಮಾಡಿ, ಅದರೊಳಗೆ ಬರಹಗಳನ್ನು ಸೇರಿಸುವ ಗುಂಡಿ ಎಲ್ಲಿದೆ ಎಂದು ಹುಡುಕುತ್ತಾರೆ. ಅಂಥ ಗುಂಡಿಯೇ ಇಲ್ಲ. ಬರಹವನ್ನು ಪುಟದೊಳಗೆ ಇಡಲು ಬರುವುದಿಲ್ಲ. ಕೆಟಗರಿಯೊಳಗೆ, ಅಂದರೆ ವಿಷಯವಾರು ಗುಂಪಿನೊಳಗೆ, ಮಾತ್ರ ಇಡಬಹುದು.

ಈ ಗೊಂದಲಕ್ಕೆ ಕಾರಣವಿದೆ. ನೀವು ಮೆನು ಕಟ್ಟದೇ ಬಿಟ್ಟರೆ ಹಲವು ಥೀಮ್‌ಗಳು (ಬ್ಲಾಗಿನ ವಿನ್ಯಾಸದ ಸಿದ್ಧ ಮಾದರಿಗಳು) ಇರುವ ಪುಟಗಳನ್ನೆಲ್ಲ ತಾವಾಗಿಯೇ ಮೇಲೆ ಸಾಲಾಗಿ ತೋರಿಸುತ್ತವೆ. ಹಾಗಾಗಿ ಪುಟ ಮಾಡಿದರಷ್ಟೇ ಮೆನುವಿನಲ್ಲಿ ಹೆಸರು ಬರುತ್ತದೆ ಎಂಬ ಭಾವನೆ ಬೆಳೆದುಬಿಡುತ್ತದೆ. ವಾಸ್ತವದಲ್ಲಿ 2010ರ 3.0 ಆವೃತ್ತಿಯಿಂದಲೇ ಕೆಟಗರಿಯನ್ನೂ ನೇರವಾಗಿ ಮೆನುವಿಗೆ ಹಾಕಬಹುದು.

ವ್ಯತ್ಯಾಸ ಇಷ್ಟು. ಬರಹಕ್ಕೆ ತಾರೀಖಿನ ಲೆಕ್ಕವಿದೆ. ಹೊಸದು ಬಂದಂತೆ ಹಳೆಯದು ಕೆಳಗೆ ಸರಿಯುತ್ತದೆ, ಹೊಸ ಬರಹಗಳನ್ನು ತಾನಾಗಿ ಕಳಿಸುವ ಆರ್‌ಎಸ್‌ಎಸ್ ಫೀಡ್ ಮೂಲಕ ಓದುಗರಿಗೆ ತಲುಪುತ್ತದೆ. ಪುಟ ಫೀಡಿಗೆ ಹೋಗುವುದಿಲ್ಲ, ಅದಕ್ಕೆ ಕೆಟಗರಿಯೂ ಟ್ಯಾಗೂ (ಬರಹಕ್ಕೆ ಅಂಟಿಸುವ ಸಣ್ಣ ಗುರುತುಪದ) ಇರುವುದಿಲ್ಲ, ಇಟ್ಟಲ್ಲೇ ಇರುತ್ತದೆ. ಬೇಕಿದ್ದರೆ ಒಂದು ಪುಟದ ಕೆಳಗೆ ಇನ್ನೊಂದನ್ನು ಇಡಬಹುದು, ಅಷ್ಟೇ. ಯಾವುದನ್ನು ಬಳಸಬೇಕೆಂದು ತೋಚದಿದ್ದರೆ ಹೀಗೆ ಕೇಳಿಕೊಳ್ಳಿ: ಈ ವಿಷಯದಲ್ಲಿ ಮುಂದೆ ಹೊಸ ಬರಹ ಸೇರುತ್ತಾ ಹೋಗುತ್ತದೆಯೇ, ಇಲ್ಲವೇ ಇದನ್ನೇ ಆಗಾಗ ತಿದ್ದುತ್ತೇನೆಯೇ? ಸೇರುವುದಾದರೆ ಕೆಟಗರಿ, ತಿದ್ದುವುದಾದರೆ ಪುಟ. 'ನನ್ನ ಬಗ್ಗೆ', 'ಸಂಪರ್ಕ' ಇವು ಪುಟಗಳು.

1. ಮೊದಲು ಕಾಗದದ ಮೇಲೆ

ಕೊನೆಯ 40 ಬರಹಗಳ ಶೀರ್ಷಿಕೆ ಬರೆದುಕೊಂಡು ಪ್ರತಿಯೊಂದರ ಮುಂದೆ ಒಂದೇ ಒಂದು ವಿಷಯ ಗುರುತಿಸಿ. ಐದರಿಂದ ಏಳು ವಿಷಯಗಳಿಗಿಂತ ಹೆಚ್ಚಾದರೆ ಹತ್ತಿರದವನ್ನು ಒಗ್ಗೂಡಿಸಿ. ಒಂದೆರಡೇ ಬರಹಗಳಿರುವ ವಿಷಯಕ್ಕೆ ಕೆಟಗರಿ ಬೇಡ, ಟ್ಯಾಗ್ ಸಾಕು. ಒಂದು ಬರಹವನ್ನು ನಾಲ್ಕು ಕೆಟಗರಿಗೆ ಹಾಕುವ ಆಸೆಯನ್ನು ಇಲ್ಲೇ ಬಿಡಿ. ಎಲ್ಲ ಪಟ್ಟಿಗಳಲ್ಲೂ ಅದೇ ಬರಹಗಳು ಕಂಡರೆ ವಿಂಗಡಣೆ ಮಾಡಿಯೂ ಮಾಡದಂತೆ.

2. ಕೆಟಗರಿ ತೆರೆಯುವುದು

ವರ್ಡ್‌ಪ್ರೆಸ್‌ನ ನಿರ್ವಹಣಾ ಪರದೆಯಲ್ಲಿ 'ಪೋಸ್ಟ್ಸ್' ಕೆಳಗಿನ 'ಕೆಟಗರೀಸ್'ಗೆ ಹೋಗಿ. 'ನೇಮ್' ಜಾಗದಲ್ಲಿ ಹೆಸರನ್ನು ಕನ್ನಡದಲ್ಲೇ ಬರೆಯಿರಿ, ಆದರೆ 'ಸ್ಲಗ್' ಜಾಗವನ್ನು ಖಾಲಿ ಬಿಡಬೇಡಿ. ಸ್ಲಗ್ ಎಂದರೆ ವಿಳಾಸದಲ್ಲಿ ಕಾಣುವ ಹೆಸರು. ಖಾಲಿ ಬಿಟ್ಟರೆ ಕನ್ನಡ ಹೆಸರೇ ವಿಳಾಸವಾಗುತ್ತದೆ, ಮತ್ತು ಅಲ್ಲಿ ಪ್ರತಿ ಅಕ್ಷರ, ಪ್ರತಿ ಗುಣಿತದ ಗುರುತು, ಒತ್ತಕ್ಷರದೊಳಗೆ ಅಡಗಿರುವ ಪ್ರತಿ ವಿರಾಮ ಚಿಹ್ನೆ (್) ಒಂಬತ್ತು ಚಿಹ್ನೆಗಳಾಗಿ ಬದಲಾಗುತ್ತದೆ. 'ಪುಸ್ತಕ ವಿಮರ್ಶೆಗಳು' ಎಂಬುದರಲ್ಲಿ ಹೀಗೆ ಬಿಡಿಸಿದರೆ 16 ತುಣುಕುಗಳಿವೆ. ನಡುವಿನ ಅಡ್ಡಗೆರೆಯೂ ಸೇರಿ 145 ಚಿಹ್ನೆಗಳ ವಿಳಾಸ. ವರ್ಡ್‌ಪ್ರೆಸ್ ಸ್ಲಗ್‌ಗೆ ಕೊಡುವ ಜಾಗ 200 ಚಿಹ್ನೆ. ಅಂದರೆ ಸುಮಾರು 22 ತುಣುಕು ದಾಟಿದ ಕನ್ನಡ ಹೆಸರು ಮಧ್ಯದಲ್ಲೇ ತುಂಡಾಗುತ್ತದೆ. ಆ ವಿಳಾಸವನ್ನು ಯಾರಿಗಾದರೂ ಕಳಿಸಿದರೆ ಶೇಕಡಾ ಗುರುತುಗಳ ಉದ್ದದ ಸಾಲು ಬಿಟ್ಟು ಇನ್ನೇನೂ ಓದಲು ಬರುವುದಿಲ್ಲ. ರೋಮನ್ ಲಿಪಿಯಲ್ಲಿ ಚಿಕ್ಕದಾಗಿ 'pustaka' ಎಂದಷ್ಟೇ ಬರೆದರೆ ಈ ತೊಂದರೆಯೇ ಇಲ್ಲ. ಬರಹಗಳ ಸ್ಲಗ್‌ಗೂ ಇದೇ ಮಾತು.

ಸ್ಲಗ್ ಅನ್ನು ಮೊದಲ ಸಲವೇ ಸರಿಯಾಗಿ ಇಡಿ. ಬರಹದ ಸ್ಲಗ್ ಬದಲಿಸಿದರೆ ಹಳೆಯ ಕೊಂಡಿ ಹೊಸದಕ್ಕೆ ಕರೆದೊಯ್ಯುತ್ತದೆ. ಕೆಟಗರಿಗೆ ಆ ಅನುಕೂಲವಿಲ್ಲ, ಹಳೆಯ ಕೊಂಡಿ ಸತ್ತುಹೋಗುತ್ತದೆ.

3. ಹಳೆಯ ಬರಹಗಳನ್ನು ಸೇರಿಸುವುದು

ಒಂದೊಂದಾಗಿ ತೆರೆಯುವ ಅಗತ್ಯವಿಲ್ಲ. 'ಆಲ್ ಪೋಸ್ಟ್ಸ್' ಪಟ್ಟಿಯಲ್ಲಿ ಬೇಕಾದವಕ್ಕೆ ಗುರುತು ಹಾಕಿ, 'ಬಲ್ಕ್ ಆ್ಯಕ್ಷನ್ಸ್'ನಲ್ಲಿ 'ಎಡಿಟ್' ಆರಿಸಿ, 'ಅಪ್ಲೈ' ಒತ್ತಿ, ಕೆಟಗರಿಗೆ ಗುರುತು ಹಾಕಿ, 'ಅಪ್‌ಡೇಟ್' ಮಾಡಿ. ಹೊಸ ಕೆಟಗರಿ ಸೇರಿದ ಮೇಲೂ ಹಳೆಯ 'ಅನ್‌ಕೆಟಗರೈಸ್ಡ್' ಹಾಗೇ ಉಳಿದಿರಬಹುದು; ಪಟ್ಟಿಯ ಕೆಟಗರಿ ಕಾಲಮ್ಮಿನಲ್ಲಿ ಕಣ್ಣಾಡಿಸಿ.

ಈ 'ಅನ್‌ಕೆಟಗರೈಸ್ಡ್' ಡೀಫಾಲ್ಟ್ ಆಗಿರುವಷ್ಟು ಕಾಲ, ಅಂದರೆ ಕೆಟಗರಿ ಆರಿಸದ ಬರಹಗಳು ತಾವಾಗಿ ಸೇರುವ ಜಾಗವಾಗಿರುವಷ್ಟು ಕಾಲ, ಅದನ್ನು ಅಳಿಸಲು ಬರುವುದಿಲ್ಲ. ಹೆಸರು ಬದಲಿಸಿ, ಇಲ್ಲವೇ 'ಸೆಟ್ಟಿಂಗ್ಸ್', 'ರೈಟಿಂಗ್'ನಲ್ಲಿ ಬೇರೆ ಕೆಟಗರಿಯನ್ನು ಡೀಫಾಲ್ಟ್ ಮಾಡಿ. ಬೇರೆ ಯಾವುದೇ ಕೆಟಗರಿ ಅಳಿಸಿದರೂ ಅದರೊಳಗಿನ ಬರಹಗಳು ಅಳಿಯುವುದಿಲ್ಲ. ಬೇರೆ ಕೆಟಗರಿ ಇಲ್ಲದವು ಡೀಫಾಲ್ಟ್‌ಗೆ ಬಂದು ಸೇರುತ್ತವೆ.

4. ಮೆನುವಿಗೆ

'ಅಪಿಯರೆನ್ಸ್' ಕೆಳಗಿನ 'ಮೆನೂಸ್' ತೆರೆದರೆ ಎಡಗಡೆ ಪುಟ, ಬರಹ, ಕೆಟಗರಿ ಎಂಬ ಪೆಟ್ಟಿಗೆಗಳಿವೆ. ಕೆಟಗರಿಗೆ ಗುರುತು ಹಾಕಿ ಸೇರಿಸಿ, ಮೆನುವಿನ ಸ್ಥಾನ ಆರಿಸಿ, ಉಳಿಸಿ. ಸ್ಥಾನ ಆರಿಸದಿದ್ದರೆ ಎಷ್ಟು ಸಲ ಉಳಿಸಿದರೂ ಮೆನು ಕಾಣುವುದಿಲ್ಲ. ಬ್ಲಾಕ್ ಥೀಮ್ (ಇಡೀ ತಾಣವನ್ನು ಬ್ಲಾಕ್ ಎಂಬ ತುಣುಕುಗಳಿಂದ ಕಟ್ಟುವ ಬಗೆಯದು) ಇದ್ದರೆ ಇದೇ ಕೆಲಸ 'ಎಡಿಟರ್' ಒಳಗಿನ 'ನ್ಯಾವಿಗೇಶನ್'ನಲ್ಲಿ.

ಪುಟವೇ ಬೇಕಾಗುವ ಸಂದರ್ಭ

ಕೆಟಗರಿ ಯಾವಾಗಲೂ ಹೊಸದನ್ನು ಮೊದಲು ತೋರಿಸುತ್ತದೆ, ನೀವು ಸಂಖ್ಯೆ ಬದಲಿಸದಿದ್ದರೆ ಒಂದು ಸಲಕ್ಕೆ ಹತ್ತು. ಹನ್ನೆರಡು ಕಂತಿನ ಸರಣಿ ಬರೆದಿದ್ದರೆ ಹೊಸ ಓದುಗರಿಗೆ ಮೊದಲು ಸಿಗುವುದು ಹನ್ನೆರಡನೇ ಕಂತು. ಇಂಥ ಸರಣಿಗೆ ಒಂದು ಪುಟ ಮಾಡಿ, ಎರಡು ಸಾಲಿನ ಪರಿಚಯ ಬರೆದು, ಕಂತುಗಳ ಕೊಂಡಿಗಳನ್ನು ಒಂದರಿಂದ ಹನ್ನೆರಡರವರೆಗೆ ಕೈಯಾರೆ ಜೋಡಿಸಿ. ಪ್ರತಿ ಹೊಸ ಕಂತಿಗೂ ನೀವೇ ಹೋಗಿ ಸೇರಿಸಬೇಕು. ಆ ಶ್ರಮ ಓದುಗರಿಗೆ ಬಹಳ ಉಪಕಾರ ಮಾಡುತ್ತದೆ. ಕ್ರಮ ಮುಖ್ಯವಲ್ಲ, ಪರಿಚಯದ ಕೆಳಗೆ ಪಟ್ಟಿ ತಾನಾಗಿ ಬಂದರೆ ಸಾಕು ಎನ್ನುವವರು ಪುಟದೊಳಗೆ 'ಲೇಟೆಸ್ಟ್ ಪೋಸ್ಟ್ಸ್' ಬ್ಲಾಕ್ ಹಾಕಿ ಅದಕ್ಕೆ ಒಂದು ಕೆಟಗರಿ ಆರಿಸಬಹುದು.

ಮುಖಪುಟವನ್ನು ಸ್ಥಿರ ಪುಟವಾಗಿಸಿ, 'ಸೆಟ್ಟಿಂಗ್ಸ್', 'ರೀಡಿಂಗ್'ನಲ್ಲಿ ಬರಹಗಳಿಗೆಂದು ಇನ್ನೊಂದು ಪುಟ ತೋರಿಸಿದ್ದರೆ, ಆ ಎರಡನೆಯದರಲ್ಲಿ ಏನೂ ಬರೆಯಬೇಡಿ. ಅದು ಬರಹಗಳ ಪಟ್ಟಿಗೆ ಹೆಸರು ಕೊಡುವ ಖಾಲಿ ಪುಟ. ಬರೆದದ್ದು ಸಾಮಾನ್ಯವಾಗಿ ಓದುಗರಿಗೆ ಕಾಣುವುದೇ ಇಲ್ಲ.

ವರ್ಡ್‌ಪ್ರೆಸ್ ಬದಲು ಗೂಗಲ್‌ನ 'ಬ್ಲಾಗರ್' ಸೇವೆ ಬಳಸುವವರಿಗೆ ಕೆಟಗರಿಯ ಜಾಗದಲ್ಲಿ ಲೇಬಲ್ ಇದೆ. ಲೇಬಲ್ ಒತ್ತಿದಾಗ ಬರುವ ವಿಳಾಸವನ್ನು ನಕಲಿಸಿಕೊಂಡು, 'ಲೇಔಟ್'ನಲ್ಲಿ 'ಪೇಜಸ್' ಗ್ಯಾಜೆಟ್ ತೆರೆದು, ಹೊರಗಿನ ಕೊಂಡಿಯಾಗಿ ಸೇರಿಸಿದರೆ ಮೆನು ಸಿದ್ಧ.