ಕರಬೂಜದ ಪಾನಕ: ಖನಿಜಾಂಶ ಕೈತಪ್ಪದಂತೆ ಮಾಡುವ ಬಗೆ

‘ರಕ್ತ ಕಮ್ಮಿ ಇದೆ’ ಎಂದು ಡಾಕ್ಟರು ಹೇಳಿದ ದಿನವೇ ಮೈಸೂರಿನ ಮನೆಗಳಿಗೆ ದೇವರಾಜ ಮಾರುಕಟ್ಟೆಯಿಂದ ದಾಳಿಂಬೆ ಬರುತ್ತದೆ. ತಂಗಿ ಬಸುರಿಯಾಗಿದ್ದಾಗ ನಮ್ಮಮ್ಮನೂ ಹಾಗೇ ಮಾಡಿದರು. ದಿನಾ ಬೆಳಿಗ್ಗೆ ಬಟ್ಟೆಯಲ್ಲಿ ಹಿಂಡಿ, ಸೋಸಿ, ಒಂದು ಲೋಟ ಕೆಂಪು ರಸ. ತಿಂಗಳಾದರೂ ಹಿಮೋಗ್ಲೋಬಿನ್ ಏರಲಿಲ್ಲ. ಬಣ್ಣ ರಕ್ತದ್ದಾದರೂ ಆ ರಸದಲ್ಲಿ ಕಬ್ಬಿಣ ತೀರಾ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದಂತೆ ಹೆಂಗಸರಿಗೆ ದಿನಕ್ಕೆ 29 ಮಿ.ಗ್ರಾಂ ಕಬ್ಬಿಣ ಬೇಕು. ನಾವು ಕುಡಿಯುವ ದಾಳಿಂಬೆ, ಮೂಸಂಬಿ, ಕರಬೂಜದ ಒಂದು ಲೋಟದಲ್ಲಿ ಒಂದು ಮಿ.ಗ್ರಾಂ ಸಿಗುವುದೂ ಕಷ್ಟ.

ಹಣ್ಣಿನ ರಸ ಧಾರಾಳವಾಗಿ ಕೊಡುವ ಖನಿಜ ಪೊಟ್ಯಾಸಿಯಂ. ಕಬ್ಬಿಣದ ವಿಷಯದಲ್ಲಿ ರಸದ ಕೆಲಸ ಬೇರೆ: ಅದರಲ್ಲಿರುವ ವಿಟಮಿನ್ ಸಿಯು ಬೇಳೆ, ಸೊಪ್ಪು, ರಾಗಿಯಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ರಾಮನವಮಿಯ ದಿನ ನಮ್ಮ ಬೀದಿಗಳಲ್ಲಿ ಹಂಚುವ ಪಾನಕ, ಕೋಸಂಬರಿಯಲ್ಲಿ ಈ ಎರಡೂ ಕೆಲಸ ಆಗಿಹೋಗುತ್ತವೆ.

ಹಂತ 1. ಒಂದು ಕೆ.ಜಿ. ತೂಗುವ ಕರಬೂಜ ಆರಿಸಿ. ತೊಟ್ಟಿನ ಕಡೆ ಮೂಸಿದರೆ ಘಮ್ಮೆನ್ನಬೇಕು. ಹೆಚ್ಚುವ ಮೊದಲು ಸಿಪ್ಪೆ ಉಜ್ಜಿ ತೊಳೆಯಿರಿ, ಇಲ್ಲದಿದ್ದರೆ ಮೇಲಿನ ಕೊಳೆ ಚಾಕುವಿನ ಜೊತೆ ಒಳಗೆ ಹೋಗುತ್ತದೆ.

ಹಂತ 2. ಎರಡು ಹೋಳು ಮಾಡಿ. ಬೀಜದ ಸುತ್ತಲಿನ ನಾರಿನಲ್ಲೇ ಪರಿಮಳ ಹೆಚ್ಚು. ಅದನ್ನು ಜರಡಿಯ ಮೇಲೆ ಹಾಕಿ ಬೆರಳಿನಿಂದ ತಿಕ್ಕಿ, ರಸವನ್ನು ಪಾತ್ರೆಗೆ ಇಳಿಸಿಕೊಳ್ಳಿ.

ಹಂತ 3. ತಿರುಳನ್ನು ಚಮಚದಲ್ಲಿ ಕೆರೆದು ಕೈಯಲ್ಲೇ ಕಿವುಚಿ, ಪಾತ್ರೆಯ ರಸಕ್ಕೆ ಸೇರಿಸಿ. ಸೋಸಲೇಬೇಡಿ. ಪೊಟ್ಯಾಸಿಯಂ ನೀರಿನಲ್ಲಿ ಕರಗುವುದರಿಂದ ರಸಕ್ಕೆ ಬಂದೇ ಬರುತ್ತದೆ. ಆದರೆ ಸುಣ್ಣ (ಕ್ಯಾಲ್ಸಿಯಂ), ಕಬ್ಬಿಣದ ಒಂದು ಪಾಲು ತಿರುಳಿಗೆ ಅಂಟಿಕೊಂಡಿರುತ್ತದೆ. ನಾರು ಹೋದರೆ ಸಕ್ಕರೆಯೂ ಬೇಗ ರಕ್ತಕ್ಕೆ ಏರುತ್ತದೆ. ಅಮ್ಮ ದಾಳಿಂಬೆಯ ಚರಟವನ್ನು ಗಿಡಕ್ಕೆ ಹಾಕುತ್ತಿದ್ದದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಂತ 4. ಎರಡು ಲೋಟಕ್ಕೆ ಎರಡೇ ಚಮಚ ಬೆಲ್ಲದ ಪುಡಿ, ಒಂದು ಏಲಕ್ಕಿ, ಚಿಟಿಕೆ ಉಪ್ಪು. ನಾನು ಮಂಡ್ಯದ ಬೆಲ್ಲವನ್ನೇ ಹಾಕುವುದು, ಆದರೆ ರುಚಿಗೆ. ಕಬ್ಬಿಣ ಸಿಗುತ್ತದೆಂದು ಬೆಲ್ಲ ಸುರಿಯುವುದು ತಪ್ಪು, ಅದೂ ಸಕ್ಕರೆಯೇ.

ಹೀಗೆ ಮಾಡಿದ ಒಂದು ಲೋಟದಲ್ಲಿ ಪೊಟ್ಯಾಸಿಯಂ ಅರ್ಧ ಗ್ರಾಂ ಆಸುಪಾಸು. ದಿನಕ್ಕೆ ಕನಿಷ್ಠ ಮೂರೂವರೆ ಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪು ಹೆಚ್ಚು ತಿನ್ನುವ ನಮ್ಮಂಥವರ ಬಿಪಿ ಹತೋಟಿಗೆ ಬರಲು ಇದು ಬೇಕೇ ಬೇಕು. ಮದ್ದೂರಿನ ಎಳನೀರೂ ಈ ಲೆಕ್ಕದಲ್ಲಿ ಕಡಿಮೆಯಿಲ್ಲ.

ಹಂತ 5. ಮಾಡಿದ ಕೂಡಲೇ ಕುಡಿಯಿರಿ. ಖನಿಜ ಎಲ್ಲಿಗೂ ಹೋಗುವುದಿಲ್ಲ, ವಿಟಮಿನ್ ಸಿ ಮಾತ್ರ ಹೊತ್ತಾದಂತೆ ಕಮ್ಮಿಯಾಗುತ್ತದೆ. ಜೊತೆಗೆ ಹೆಸರುಬೇಳೆ ಕೋಸಂಬರಿ ಇರಲಿ, ಅದಕ್ಕೆ ನಿಂಬೆಹಣ್ಣು ಹಿಂಡಿ. ಕಬ್ಬಿಣ ಇರುವುದು ಬೇಳೆಯಲ್ಲಿ. ಮುದ್ದೆ, ಬಸ್ಸಾರು ಉಂಡ ದಿನವೂ ನಿಂಬೆರಸ ಇದೇ ಕೆಲಸ ಮಾಡುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಬೇಡ. ಅವು ಕಬ್ಬಿಣ ಹತ್ತದಂತೆ ತಡೆಯುತ್ತವೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಮೂತ್ರಪಿಂಡದ ತೊಂದರೆ ಇರುವವರು ಈ ಪಾನಕವನ್ನೂ ಎಳನೀರನ್ನೂ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಅವರ ಮೈಯಲ್ಲಿ ಪೊಟ್ಯಾಸಿಯಂ ಉಳಿದುಬಿಟ್ಟರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಬಿಪಿಯ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ, ಅವನ್ನು ತೆಗೆದುಕೊಳ್ಳುವವರೂ ಒಮ್ಮೆ ವಿಚಾರಿಸಿ. ಸಕ್ಕರೆ ಕಾಯಿಲೆಯವರು ಪಾನಕ ಬಿಟ್ಟು ಒಂದೆರಡು ಸಣ್ಣ ಹೋಳು ಹಣ್ಣನ್ನೇ ತಿನ್ನಲಿ.

ಜರಡಿಯಲ್ಲಿ ಉಳಿದ ಬೀಜ ಎಸೆಯಬೇಡಿ. ತೊಳೆದು ಮೊರದಲ್ಲಿ ಹರಡಿ ಎರಡು ದಿನ ಬಿಸಿಲಿಗಿಟ್ಟು, ಸುಲಿದು ತಿನ್ನಿ. ರಸದಲ್ಲಿ ಅಷ್ಟಾಗಿ ಸಿಗದ ಮೆಗ್ನೀಸಿಯಂ, ಸತು ಎರಡೂ ಅದರೊಳಗಿವೆ.