ಕಾರಿನ ಮೈಗೆ ತೂತು ಹೊಡೆಯದೆ ಕಟ್ಟಿದ 1969ರ ಕಮಾರೊ: ಕೆಲಸ, ಖರ್ಚು, ಮಾರಾಟ

ಹಳೆ ಮಸಲ್ ಕಾರಿಗೆ (ದೊಡ್ಡ ಇಂಜಿನ್ನಿನ ಅಮೆರಿಕನ್ ಕಾರಿಗೆ) ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ಡೆಟ್ರಾಯಿಟ್ ಸುತ್ತಮುತ್ತ ಈ ಮಾತು ಹೇಳದ ಮೆಕ್ಯಾನಿಕ್ ಇಲ್ಲ. ನನಗೂ ತುಂಬಾ ಜನ ಹೇಳಿದರು. ನನ್ನ 1969ರ ಷೆವರ್ಲೆ ಕಮಾರೊ ಈಗ ಮಾರಾಟವಾಗಿದೆ. ಹಾಕಿದ್ದು ಹೆಚ್ಚುಕಮ್ಮಿ 51 ಸಾವಿರ ಡಾಲರ್, ಬಂದಿದ್ದು 58 ಸಾವಿರದ ಆಸುಪಾಸು. ನನ್ನ ಕೂಲಿ ಲೆಕ್ಕ ಹಿಡಿದಿಲ್ಲ. ಆದರೂ ಕೈಯಿಂದ ಕಳೆದುಕೊಳ್ಳದೆ ಕಾರು ಕೈ ಬದಲಾಯಿಸಿತು. ಹೇಗೆ ಅಂತ ಕೇಳಿದವರು ಜಾಸ್ತಿಯಾದರು, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಸಲಹೆ ಕೊಟ್ಟವರಲ್ಲಿ ಎರಡು ಪಂಗಡ. ಒಂದು ಪಂಗಡದವರು, ಹಳೆ ಇಂಜಿನ್ ಎಸೆದು ಜಿಎಂನ ಈಚಿನ ಎಲ್‌ಎಸ್ ಇಂಜಿನ್ ಕೂರಿಸು, ಕಿತ್ತಳೆ ಬಣ್ಣ ಹೊಡೆದು ದುಬಾರಿ ಮಾದರಿಯ ಎಸ್‌ಎಸ್ ಬ್ಯಾಡ್ಜ್ ಅಂಟಿಸು ಅಂದರು. ಇನ್ನೊಂದು ಪಂಗಡದವರು, ಇಂಜಿನ್ ನಂಬರ್ ಕಾರಿನ ನಂಬರಿಗೆ ಹೊಂದುವ ಕಾರು, ಒಂದು ನಟ್ಟೂ ಮುಟ್ಟಬೇಡ ಅಂದರು. ನಾನು ಎರಡೂ ಮಾಡಲಿಲ್ಲ. ಕಾರಿನ ಮೈಗೆ ಹೊಸ ತೂತು ಹೊಡೆಯಬಾರದು, ತುಕ್ಕು ಹಿಡಿದದ್ದನ್ನು ಬಿಟ್ಟು ಏನನ್ನೂ ಕತ್ತರಿಸಬಾರದು, ಹಾಕಿದ್ದೆಲ್ಲ ಸ್ಪ್ಯಾನರ್‌ನಲ್ಲಿ ಬಿಚ್ಚುವಂತಿರಬೇಕು, ಬಿಚ್ಚಿದ ಹಳೆ ಸಾಮಾನೆಲ್ಲ ಡಬ್ಬದಲ್ಲಿ ಕಾರಿನ ಜೊತೆ ಹೋಗಬೇಕು. ನನ್ನ ಲೆಕ್ಕಾಚಾರ ಇಷ್ಟೇ.

ಕಾರು ಸಿಕ್ಕಿದ್ದು ಅರಿಜೋನಾದಲ್ಲಿ. ಸಾಗಣೆ ಸೇರಿ 18 ಸಾವಿರ. ಮಿಷಿಗನ್‌ನಲ್ಲಿ ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ತಿಂದ ಕಾರಿನಲ್ಲಿ ಉಳಿಯುವುದು ಬಣ್ಣ ಮಾತ್ರ. ಮರಳುಗಾಡಿನ ಕಾರಿನಲ್ಲಿ ಸೀಟು, ಡ್ಯಾಶ್, ರಬ್ಬರ್ ಎಲ್ಲ ಸುಟ್ಟು ಹೋಗಿರುತ್ತದೆ, ತಗಡು ಉಳಿದಿರುತ್ತದೆ. ಸೀಟು ಹೊಲಿಸುವುದು ಸುಲಭ. ಕಾರಿನ ಗುರುತಿನ ನಂಬರ್ (ವಿನ್) 124379ಎನ್ ಅಂತ ಶುರು. ಅಂದರೆ ಕಾರ್ಖಾನೆಯಿಂದಲೇ ಎಂಟು ಸಿಲಿಂಡರಿನ ವಿ8 ಆಗಿ ಬಂದ ಕಾರು, ಒಹಾಯೊದ ನಾರ್‌ವುಡ್‌ನಲ್ಲಿ ತಯಾರಾದದ್ದು. 12337 ಇದ್ದಿದ್ದರೆ ಆರು ಸಿಲಿಂಡರಿನದು, ನಾನು ಮುಟ್ಟುತ್ತಿರಲಿಲ್ಲ. ಒಳಗಿದ್ದದ್ದು ಆ ವರ್ಷದ ಮೊದಲ ಭಾಗದಲ್ಲಿ ಬಂದ 210 ಅಶ್ವಶಕ್ತಿಯ 327 (ಘನ ಇಂಚು) ಇಂಜಿನ್, ಎರಡೇ ಗೇರಿನ ಪವರ್‌ಗ್ಲೈಡ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಬ್ಲಾಕ್ ಮೇಲಿನ ನಂಬರ್ ಕಾರಿನ ನಂಬರಿಗೆ ಹೊಂದುತ್ತಿತ್ತು.

ಮೊದಲು ತಗಡಿನ ಕೆಲಸ. ಮುಂದಿನ ಗಾಜಿನ ಕೆಳಗಿನ ಕಾಲುವೆ, ಡಿಕ್ಕಿಯ ನೆಲದ ಒಂದು ಮೂಲೆ, ಮುಂದಿನ ಫೆಂಡರ್‌ಗಳ ತಳ, ತುಕ್ಕು ಇದ್ದದ್ದು ಅಷ್ಟೇ. ಆದರೆ ಹೊಸದಾಗಿ ಅಚ್ಚು ಹೊಡೆದ ಫೆಂಡರ್ ತಂದು ಕೂರಿಸಿ ನೋಡಿದರೆ ಬಾಗಿಲ ಹತ್ತಿರದ ಸಂದು ಮೇಲೆ ಬೆರಳು ಹೋಗುವಷ್ಟು, ಕೆಳಗೆ ಕಾಗದವೂ ಹೋಗದಷ್ಟು. ತೆಳು ತಗಡಿನ ಶಿಮ್ ಹಾಕಿದೆ, ಹಿಂಜ್ ಸರಿಸಿದೆ, ಎಷ್ಟೋ ವಾರಾಂತ್ಯ ಅದರಲ್ಲೇ ಕಳೆಯಿತು. ಕೊನೆಗೆ ಅದನ್ನು ಪಕ್ಕಕ್ಕಿಟ್ಟು ಹಳೆ ಫೆಂಡರ್‌ನ ತಳ ಮಾತ್ರ ತುಂಡು ಹಾಕಿ ಬೆಸೆದೆ. ಸಂದು ತಾನಾಗೇ ಸರಿಯಾಯಿತು. ಹಳೆ ತಗಡು ಮುಕ್ಕಾಲು ಪಾಲು ಚೆನ್ನಾಗಿದ್ದರೆ ಹೊಸದರ ಆಸೆಗೆ ಬೀಳಬೇಡಿ.

ಬಣ್ಣ ಮಾತ್ರ ಹೊರಗೆ ಕೊಟ್ಟೆ. ಟಿಂಕರಿಂಗ್ ಸಾಮಾನು ಸೇರಿ ಹನ್ನೊಂದೂವರೆ ಸಾವಿರ. ಕಾರ್ಖಾನೆಯವರು ಹೊಡೆದ ಫಲಕದ (ಕೌಲ್ ಟ್ಯಾಗ್) ಮೇಲೆ ಬಣ್ಣದ ನಂಬರ್ 57 ಅಂತಿತ್ತು, ಅಂದರೆ ಫ್ಯಾಥಮ್ ಗ್ರೀನ್. ಅದೇ ಕಡು ಹಸಿರು ಹೊಡೆಸಿದೆ. ಪಟ್ಟೆ ಇಲ್ಲ, ಸುಳ್ಳು ಬ್ಯಾಡ್ಜ್ ಇಲ್ಲ. ಹಸಿರು ಕಾರು ಯಾರೂ ಕೊಳ್ಳಲ್ಲ ಅಂದವರು ಬಿಸಿಲಲ್ಲಿ ಅದನ್ನು ನೋಡಿ ಫೋಟೋ ತೆಗೆದುಕೊಂಡು ಹೋದರು.

ಇಲ್ಲೊಂದು ಅಡ್ಡ ಪ್ರಯೋಗ. ಬ್ರಾಕೆಟ್, ಹಿಂಜ್, ಬಾನೆಟ್ ಲಾಚ್ ಇಂಥ ಸಣ್ಣ ಸಾಮಾನಿನ ತುಕ್ಕು ಬಿಡಿಸಲು ಕಾಕಂಬಿ ಬಳಸಿದೆ. ನಾನು ಮಂಡ್ಯದ ಕಡೆಯವನು, ಕಾಕಂಬಿ ವಾಸನೆ ನನಗೆ ಹೊಸದಲ್ಲ. ಇಲ್ಲಿ ದನದ ಮೇವಿನ ಅಂಗಡಿಯಲ್ಲಿ ಸಿಗುತ್ತದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಮುಚ್ಚಳದ ಡ್ರಮ್ಮು, ಎರಡು ವಾರ. ಮರಳು ಹೊಡೆದರೂ ತಲುಪದ ಸಂದಿಯಲ್ಲೂ ಕಬ್ಬಿಣ ಬೂದು ಬಣ್ಣಕ್ಕೆ ತಿರುಗಿ ಬರುತ್ತದೆ. ಅಲ್ಯೂಮಿನಿಯಂ, ಸತು ಬೆರೆತದ್ದನ್ನು ಮಾತ್ರ ಹಾಕಬೇಡಿ, ಅದನ್ನೇ ತಿಂದುಬಿಡುತ್ತದೆ. ಸಿಟ್ರಿಕ್ ಆಸಿಡ್ ಕೂಡ ಪಕ್ಕದಲ್ಲಿಟ್ಟು ಹೋಲಿಸಿದೆ. ಅದು ಬೇಗ ಕೆಲಸ ಮಾಡುತ್ತದೆ, ಆದರೆ ಮರೆತರೆ ಒಳ್ಳೆ ಕಬ್ಬಿಣವನ್ನೂ ಕೊರೆಯುತ್ತದೆ. ನನ್ನ ಓಟು ಕಾಕಂಬಿಗೆ.

ಇಂಜಿನ್ ಬೋರ್ ಮಾಡಿಸಿ 30 ಥೌ (ಇಂಚಿನ ಸಾವಿರದಲ್ಲಿ 30 ಭಾಗ) ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ಹೊಸ ಕ್ಯಾಮ್ (ವಾಲ್ವ್ ತೆರೆಸುವ ಉಬ್ಬುಗಳ ದಂಡ), ಅದರ ಮೇಲೆ ಕೂರುವ ಹೊಸ ಟ್ಯಾಪೆಟ್. ಝಿಂಕ್ ಇರುವ ಆಯಿಲ್, ಸ್ಟಾರ್ಟ್ ಆದ ಕೂಡಲೇ ನಿಮಿಷಕ್ಕೆ 2,000 ಸುತ್ತಿನ ಮೇಲೆ 20 ನಿಮಿಷ, ಎಲ್ಲ ಶಾಸ್ತ್ರೋಕ್ತ. ಆದರೂ ಆಯಿಲ್ ಫಿಲ್ಟರ್ ಕತ್ತರಿಸಿ ನೋಡಿದರೆ ಲೋಹದ ಪುಡಿ. ಕ್ಯಾಮ್‌ನ ಒಂದು ಉಬ್ಬು (ಲೋಬ್) ಸವೆದು ದುಂಡಗಾಗಿತ್ತು. ಈಗ ಬರುವ ಚಪ್ಪಟೆ ತಳದ (ಫ್ಲಾಟ್) ಟ್ಯಾಪೆಟ್‌ಗಳಲ್ಲಿ ಇದು ತುಂಬಾ ಜನರಿಗೆ ಆಗುತ್ತಿದೆ. ಮತ್ತೆ ಇಂಜಿನ್ ಇಳಿಸಿ, ಪೂರ್ತಿ ತೊಳೆದು, ಉರುಳುವ ಟ್ಯಾಪೆಟ್‌ನ ರೋಲರ್ ಕ್ಯಾಮ್ ಹಾಕಿದೆ. ಹೆಚ್ಚಿಗೆ ಸಾವಿರದ ಐನೂರು ಹೋಯಿತು. ಇಂಜಿನ್ ಖರ್ಚು ಒಟ್ಟು ಆರೂವರೆ ಸಾವಿರ ಮುಟ್ಟಿತು. ಎರಡು ಬ್ಯಾರಲ್ ಕಾರ್ಬುರೇಟರ್ ತೆಗೆದು ಡಬ್ಬಕ್ಕೆ ಹಾಕಿ, ಹಳೆ ಸಾಮಾನಿನ ಸಂತೆಯಲ್ಲಿ 120 ಡಾಲರಿಗೆ ಸಿಕ್ಕ ನಾಲ್ಕು ಬ್ಯಾರಲ್ಲಿನ ಕ್ವಾಡ್ರಾಜೆಟ್ ಕೂರಿಸಿದೆ.

ಜನ ಜಾಸ್ತಿ ಅನುಮಾನಪಟ್ಟದ್ದು ಗೇರ್‌ಬಾಕ್ಸ್ ವಿಷಯದಲ್ಲಿ. ನಾನು ಹಾಕಿದ್ದು 200-4ಆರ್, ಷೆವರ್ಲೆಯ ಮಾತೃ ಕಂಪನಿ ಜಿಎಂ ಎಂಬತ್ತರ ದಶಕದ ಕಾರುಗಳಿಗೆ ಕೊಟ್ಟ ನಾಲ್ಕು ಗೇರಿನ ಆಟೋಮ್ಯಾಟಿಕ್. ಬೆಣ್ಣೆ ಗೇರ್‌ಬಾಕ್ಸ್, ಮುರಿಯುತ್ತದೆ ಅಂದರು. ನಾನು ಅದನ್ನು ಆರಿಸಿದ್ದು ಉದ್ದ ನೋಡಿ. ಪವರ್‌ಗ್ಲೈಡ್ ಇದ್ದ ಜಾಗದಲ್ಲೇ ಕೂರುತ್ತದೆ, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಬೇಕಿಲ್ಲ, ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ (ಕ್ರಾಸ್‌ಮೆಂಬರ್) ಹಿಂದಕ್ಕೆ ಸರಿಸಿದರೆ ಸಾಕು. ಆದರೆ ಮೊದಲು ಬಂದ ಬಾಕ್ಸ್ ದುಃಖ ಕೊಟ್ಟಿತು. ರೀಬಿಲ್ಡ್ ಅಂತ ಹೇಳಿ ಕೊಟ್ಟದ್ದು ಕೆಲವೇ ವಾರದಲ್ಲಿ ಜಾರತೊಡಗಿತು, ಕ್ಲಚ್ ಪ್ಲೇಟು ಕಪ್ಪಗೆ ಸುಟ್ಟಿದ್ದವು. ಕೊಟ್ಟವರು ಕೈಯೆತ್ತಿದರು. ಎರಡನೇ ಸಲ ನಾನೇ ಬಿಚ್ಚಿ ಕಟ್ಟಿದೆ, ಪ್ರೆಷರ್ ಗೇಜ್ ಹಾಕಿಕೊಂಡೇ ರಸ್ತೆಗಿಳಿದೆ. ಈ ಬಾಕ್ಸಿನ ಜೀವ ಇರುವುದು ಕಾರ್ಬುರೇಟರಿಗೆ ಕೊಂಡಿ ಹಾಕುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್‌ನಲ್ಲಿ. ಕಾರ್ಬುರೇಟರ್ ಕಡೆ ಆ ಕೊಂಡಿಯನ್ನು ನಾನು ಹೇಗೆ ತಿದ್ದಿದೆ ಅನ್ನುವುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಮುಂದಿನ ಕಾರಿಗೂ ಬೇಕು. ಹಿಂದಿನ ಆಕ್ಸಲ್ ಹೌಸಿಂಗ್‌ಗೆ 3.55 ಅನುಪಾತದ ಕ್ರೌನ್ ಪಿನಿಯನ್ ಹಾಕಿದ್ದರಿಂದ ಹೊರಡುವಾಗ ಸೀಟಿಗೆ ಅಂಟಿಸುತ್ತದೆ. ಓವರ್‌ಡ್ರೈವ್ (ನಾಲ್ಕನೇ ಗೇರ್) 0.67 ಇರುವುದರಿಂದ 70 ಮೈಲಿ ವೇಗದಲ್ಲಿ ನಿಮಿಷಕ್ಕೆ 3,200 ಸುತ್ತಬೇಕಾದ ಇಂಜಿನ್ 2,100ರ ಹತ್ತಿರ ನಿಲ್ಲುತ್ತದೆ. ಹೈವೇಯಲ್ಲಿ ಮಾತಾಡಿಕೊಂಡು ಹೋಗಬಹುದು. ಕೊಳ್ಳಲು ಬಂದವರನ್ನೆಲ್ಲ ನಾನು ಮೊದಲು ಕರೆದುಕೊಂಡು ಹೋಗಿದ್ದೇ ಹೈವೇಗೆ.

ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಒಂಟಿ ಪಟ್ಟಿಯ ಬದಲು ಐದು ಪಟ್ಟಿಯ ಸ್ಪ್ರಿಂಗ್. ಮೂರು ಸಾವಿರ. ಆ ಕಾಲಕ್ಕೆ ಕಂಪನಿಯೇ ಕೊಡುತ್ತಿದ್ದ ಆಯ್ಕೆಗಳು ಇವು, ಹಾಗಾಗಿ ಎಲ್ಲ ನೇರ ಕೂತವು.

ಮಾರುವ ಮುಂಚೆ ಆಗಸ್ಟ್ ಬಿಸಿಲಲ್ಲಿ ಡೆಟ್ರಾಯಿಟ್ ಕಡೆಯ ಹಳೆ ಕಾರುಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ತೆಗೆದುಕೊಂಡು ಹೋದೆ. ಇಂಚಿಂಚು ಸರಿಯುವ ಟ್ರಾಫಿಕ್. ಅಕ್ಕಪಕ್ಕ ಬಾನೆಟ್ ಎತ್ತಿ ನಿಂತವರು ಎಷ್ಟೋ ಜನ. ನನ್ನ ಇಂಜಿನ್ ಬಿಸಿಯ ಮುಳ್ಳು 200 ಫ್ಯಾರನ್‌ಹೀಟ್ ದಾಟಲಿಲ್ಲ.

ಜಾಹೀರಾತಿನಲ್ಲಿ ಮೊದಲು ಬರೆದದ್ದು ಕಾರಿನಲ್ಲಿ ಏನು ಸರಿ ಇಲ್ಲ ಅನ್ನುವುದನ್ನು. ಎಲ್ಲಿ ಬೆಸೆದಿದೆ, ಎಲ್ಲಿ ಪುಟ್ಟಿ ಇದೆ, ಗಡಿಯಾರ ಓಡುವುದಿಲ್ಲ, ಎಲ್ಲ. ಕಾರಿನ ತಳದ ಫೋಟೋ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ವಿಡಿಯೋ, ಎಂಟೂ ಸಿಲಿಂಡರಿನ ಕಂಪ್ರೆಷನ್ ಅಂಕಿ ಹಾಕಿದೆ. ಹೀಗೆ ಬರೆದರೆ ಫೋನೇ ಬರಲ್ಲ ಅಂದರು. ಬಂತು, ಅದೂ ವಿಷಯ ತಿಳಿದವರದ್ದೇ. ಕೊಂಡವರು ಇಂಡಿಯಾನಾದಿಂದ, ಪುಟ್ಟಿ ಎಲ್ಲಿದೆ ಅಂತ ಹುಡುಕಲು ಅಯಸ್ಕಾಂತ ಹಿಡಿದುಕೊಂಡೇ ಬಂದಿದ್ದರು. ಕಾರು ನೋಡಿದ್ದು ಅರ್ಧ ಗಂಟೆ. ಡಬ್ಬಗಳ ಮುಂದೆ ಎರಡು ಗಂಟೆ ಕೂತರು. ಪವರ್‌ಗ್ಲೈಡ್, ಕಾರ್ಬುರೇಟರ್, ಡ್ರಮ್ ಬ್ರೇಕು, ಹಳೆ ಕ್ರೌನ್ ಪಿನಿಯನ್, ಪ್ರತಿಯೊಂದಕ್ಕೂ ಚೀಟಿ, ಎರಕದ ನಂಬರ್, ತಾರೀಕು. ಚೌಕಾಸಿ ಐನೂರು ಡಾಲರಿಗೆ ನಿಂತಿತು.

ಇನ್ನೊಂದು ಸಲ ಮಾಡಿದರೆ ಬಂಪರಿಗೆ ಕ್ರೋಮ್ ಹೊಡೆಸಲು 1,400 ಕೊಡುವುದಿಲ್ಲ. ಆ ದುಡ್ಡು ವೈರಿಂಗ್‌ಗೆ, ಬಾಗಿಲ ರಬ್ಬರಿಗೆ ಹಾಕುತ್ತೇನೆ. ಬಂದವರಲ್ಲಿ ಬಂಪರ್ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಾಗಿಲು ಹಾಕಿದಾಗ ಬರುವ ಸದ್ದನ್ನು ಎಲ್ಲರೂ ಎರಡು ಸಲ ಕೇಳಿಸಿಕೊಂಡರು.