ಸಂಶೋಧನಾ ಪ್ರಬಂಧಕ್ಕೆ ಎಐ ಬಳಸುವ ಮುನ್ನ, ಬಳಸಿದ ಮೇಲೆ

ಪಿಎಚ್‌.ಡಿ. ಮಾಡುತ್ತಿರುವವರಲ್ಲಿ ಚಾಟ್‌ಜಿಪಿಟಿ ಮುಟ್ಟದವರು ಈಗ ಸಿಗುವುದು ಕಷ್ಟ. ಮುಟ್ಟಿದ್ದನ್ನು ಗೈಡ್‌ಗೆ ಹೇಳುವವರು ಮಾತ್ರ ಕಡಿಮೆ. ದೊಡ್ಡ ಪ್ರಕಾಶಕರಲ್ಲಿ ಹೆಚ್ಚಿನವರು ಬಳಸಲೇಬೇಡಿ ಎನ್ನುತ್ತಿಲ್ಲ. ಬಳಸಿದ್ದರೆ ಹೇಳಿ, ತಪ್ಪು ಬಂದರೆ ನೀವೇ ಹೊಣೆ ಎನ್ನುತ್ತಾರೆ, ಅಷ್ಟೆ.

ಹಾಗಾಗಿ ಮೊದಲ ಕೆಲಸ, ನೀವು ಕಳಿಸಲಿರುವ ಜರ್ನಲ್‌ನಲ್ಲಿ ಲೇಖಕರಿಗೆ ಕೊಟ್ಟಿರುವ ಸೂಚನೆಗಳನ್ನು ಓದುವುದು. ಎಲ್ಲ ಕಡೆ ಒಂದೇ ನಿಯಮ ಇರುವುದಿಲ್ಲ. ಭಾಷೆ ತಿದ್ದಿಸಿಕೊಂಡರೆ ಹೇಳಬೇಕಿಲ್ಲ ಎನ್ನುವ ಜರ್ನಲ್‌ಗಳಿವೆ. 'ನೇಚರ್' ಪತ್ರಿಕೆಯಲ್ಲಿ ಎಐ ಬರೆದ ಚಿತ್ರಗಳಿಗೆ ಸಾಮಾನ್ಯವಾಗಿ ಅವಕಾಶವಿಲ್ಲ.

ಎರಡನೆಯದು, ಚಾಟ್‌ಗೆ ಏನು ಹಾಕಬಾರದು ಎಂದು ಮೊದಲೇ ತೀರ್ಮಾನಿಸಿ. ಸಂದರ್ಶನ ಕೊಟ್ಟವರ ಹೆಸರು, ರೋಗಿಗಳ ವಿವರ, ಇನ್ನೂ ಪ್ರಕಟವಾಗದ ಡೇಟಾ ಬೇಡ. ಪರಿಶೀಲನೆಗೆಂದು ನಿಮ್ಮ ಕೈಗೆ ಬಂದ ಬೇರೆಯವರ ಪ್ರಬಂಧವನ್ನಂತೂ ಹಾಕಲೇಬಾರದು. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್, ಅನುದಾನದ ಅರ್ಜಿಗಳನ್ನು ಪರಿಶೀಲಿಸುವವರು ಅವನ್ನು ಎಐಗೆ ಹಾಕುವುದನ್ನು 2023ರಲ್ಲೇ ನಿಷೇಧಿಸಿದೆ.

ಇನ್ನು ಉಲ್ಲೇಖಗಳು. ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಎಐ ಸುಳ್ಳು ಉಲ್ಲೇಖ ಕೊಟ್ಟಾಗ ಅದು ಸುಳ್ಳಿನಂತೆ ಕಾಣುವುದೇ ಇಲ್ಲ. ಲೇಖಕರು ನಿಜ, ಜರ್ನಲ್ ನಿಜ, ವರ್ಷವೂ ಹೊಂದುತ್ತದೆ. ಆ ಶೀರ್ಷಿಕೆಯ ಲೇಖನ ಮಾತ್ರ ಎಲ್ಲೂ ಇರುವುದಿಲ್ಲ. ಲೇಖನವನ್ನು ಗುರುತಿಸುವ ಡಿಒಐ ಸಂಖ್ಯೆ ಕೊಟ್ಟಿದ್ದರೆ doi.org ತಾಣದಲ್ಲಿ ಹಾಕಿ ನೋಡಿ. ಅದು ತೆರೆದುಕೊಂಡರೆ ಸಾಲದು, ಬೇರೆ ಯಾವುದೋ ಲೇಖನಕ್ಕೆ ಹೋಗಿರಬಹುದು. ಶೀರ್ಷಿಕೆ ತಾಳೆ ನೋಡಿ. ಆಮೇಲೆ ಲೇಖನ ತೆರೆದು, ನೀವು ಹೇಳುತ್ತಿರುವ ಮಾತು ಅದರಲ್ಲಿ ನಿಜಕ್ಕೂ ಇದೆಯೇ ಎಂದು ಓದಿ. ಓದದ್ದನ್ನು ಪಟ್ಟಿಗೆ ಸೇರಿಸಬೇಡಿ.

ಕನ್ನಡದ ವಿಷಯಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಡಿಒಐ ಇಲ್ಲದ ಪುಸ್ತಕಗಳೇ ಹೆಚ್ಚು, ಅಲ್ವಾ? ನಾಡಿನ ಶಾಸನಗಳ ಸಂಪುಟಗಳಾದ 'ಎಪಿಗ್ರಾಫಿಯಾ ಕರ್ನಾಟಿಕಾ'ವನ್ನೇ ನೋಡಿ. ಬಿ.ಎಲ್. ರೈಸ್ ಹೊರತಂದ 7ನೇ ಸಂಪುಟ ಶಿವಮೊಗ್ಗ ಜಿಲ್ಲೆಯದು. ಮೈಸೂರಿನ ಪರಿಷ್ಕೃತ ಆವೃತ್ತಿಯ 7ನೇ ಸಂಪುಟದಲ್ಲಿರುವುದು ಮಂಡ್ಯ ಕಡೆಯ ಶಾಸನಗಳು. ಎಐ ಈ ಎರಡನ್ನೂ ಕಲಸಿ ಒಂದು ಶಾಸನ ಸಂಖ್ಯೆ ಕೊಟ್ಟರೆ, ಶಾಸನ ಓದಿದ ಪರೀಕ್ಷಕರು ಅದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಗ್ರಂಥಾಲಯಕ್ಕೆ ಹೋಗಿ ಸಂಪುಟ ತೆಗೆಯುವುದೇ ದಾರಿ.

ಸಿಮಿಲಾರಿಟಿ, ಅಂದರೆ ಬೇರೆ ಬರಹಗಳ ಜೊತೆ ಹೋಲುವ ಪ್ರಮಾಣ, ಇಳಿಸಲು ಎಐ ಕೈಲಿ ವಾಕ್ಯ ಬದಲಿಸುವ ಚಾಳಿ ಒಂದಿದೆ. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗೆ ದಂಡನೆ ಇಲ್ಲ, ನಿಜ. ಆದರೆ ಬೇರೆಯವರ ವಿಚಾರವನ್ನು ಹೆಸರು ಹೇಳದೆ ಎತ್ತಿಕೊಂಡರೆ, ಪದ ಬದಲಾದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಸಾಫ್ಟ್‌ವೇರ್ ಹಿಡಿಯದಿದ್ದರೂ ಕೃತಿಚೌರ್ಯವೇ.

ಬಳಸಿದ್ದನ್ನು ಬರೆಯುವುದು ಸುಲಭ. 'ಈ ಪ್ರಬಂಧದ ಇಂಗ್ಲಿಷ್ ತಿದ್ದಲು ಇಂಥ ಟೂಲ್ ಬಳಸಿದ್ದೇನೆ. ಎಲ್ಲವನ್ನೂ ನಾನೇ ಪರಿಶೀಲಿಸಿದ್ದೇನೆ, ಹೊಣೆ ನನ್ನದು' ಎಂದರೆ ಸಾಕು. ಟೂಲ್‌ನ ಹೆಸರು, ಆವೃತ್ತಿ, ಯಾವ ಕೆಲಸಕ್ಕೆ ಬಳಸಿದಿರಿ ಎನ್ನುವುದು ಅದರಲ್ಲಿರಲಿ. ವಿಶ್ಲೇಷಣೆಗೆ ಬಳಸಿದ್ದರೆ ವಿಧಾನದ ಭಾಗದಲ್ಲೇ ವಿವರಿಸಿ. ಎಐ ಹೆಸರನ್ನು ಲೇಖಕರ ಸಾಲಿನಲ್ಲಂತೂ ಹಾಕಬೇಡಿ. ಪ್ರಕಟಣೆಯ ನೀತಿ ನೋಡಿಕೊಳ್ಳುವ 'ಕೋಪ್' ಸಂಸ್ಥೆ 2023ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ತಪ್ಪಾದರೆ ಉತ್ತರ ಕೊಡಲು ಬರುವವರಷ್ಟೇ ಲೇಖಕರು.

ಕಳಿಸುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿ. 2024ರಲ್ಲಿ ಎಲ್ಸೆವಿಯರ್ ಪ್ರಕಾಶನದ ಒಂದು ಜರ್ನಲ್‌ನಲ್ಲಿ ಬಂದ ಲೇಖನದ ಪೀಠಿಕೆಯ ಮೊದಲ ಸಾಲೇ 'ಖಂಡಿತ, ನಿಮ್ಮ ವಿಷಯಕ್ಕೆ ಒಂದು ಪೀಠಿಕೆ ಇಲ್ಲಿದೆ' ಎನ್ನುವ ಅರ್ಥದ ಚಾಟ್‌ಬಾಟ್ ಉತ್ತರವಾಗಿತ್ತು. ಅದೇ ವರ್ಷ ಫ್ರಂಟಿಯರ್ಸ್ ಪ್ರಕಾಶನದ ಜರ್ನಲ್ ಒಂದರಲ್ಲಿ ಮಿಡ್‌ಜರ್ನಿ ಎನ್ನುವ ಎಐ ಟೂಲ್ ಬರೆದ ಇಲಿಯ ಚಿತ್ರ ಬಂತು. ಅಂಗಗಳ ಅಳತೆ ವಿಚಿತ್ರ, ಪಕ್ಕದ ಹೆಸರುಗಳು ಅರ್ಥವಿಲ್ಲದ ಅಕ್ಷರಗಳು. ಕೆಲವೇ ದಿನಗಳಲ್ಲಿ ಲೇಖನ ಹಿಂತೆಗೆದುಕೊಂಡರು. ಎರಡೂ ಲೇಖನಗಳು ಪರಿಶೀಲಕರನ್ನು ದಾಟಿ ಬಂದಿದ್ದವು. ಅವರು ನೋಡುತ್ತಾರೆ ಬಿಡಿ ಎಂದು ಸುಮ್ನೆ ಕೂರಬೇಡಿ.

ಕೊನೆಗೆ, ಕರಡುಗಳನ್ನು ಅಳಿಸಬೇಡಿ. ಎಐ ಪತ್ತೆ ಮಾಡುವ ಟೂಲ್‌ಗಳು ಮನುಷ್ಯ ಬರೆದದ್ದನ್ನೂ ಎಐ ಎನ್ನುವುದುಂಟು. ಓಪನ್‌ಎಐ ತನ್ನದೇ ಪತ್ತೆ ಟೂಲನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ನಿಲ್ಲಿಸಿತು. ನಿಮ್ಮ ಮೇಲೆ ಅನುಮಾನ ಬಂದರೆ ತೋರಿಸಲು ಟಿಪ್ಪಣಿ, ಹಳೆಯ ಕರಡು, ಗೂಗಲ್ ಡಾಕ್ಸ್‌ನ ಹಿಂದಿನ ಆವೃತ್ತಿಗಳು, ಚಾಟ್‌ನ ಪ್ರತಿ ಎಲ್ಲ ಒಂದು ಫೋಲ್ಡರ್‌ನಲ್ಲಿರಲಿ. ವೈವಾ ಮುಗಿಯುವ ತನಕವಾದರೂ.